ಗೋಳಣ್ಣನ ಗೋಲುಗಳು

ಹಲ್ಲಿನ ಸೆಟ್ಟು ಮಾಡುವವಳಾದ್ದರಿಂದ ಎಲ್ಲರೂ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ದಂತವೈದ್ಯರ ಕ್ಲಿನಿಕ್ಕಿನ ಹಿಂದಿನ ಉದ್ದನೆಯ ಕೋಣೆ ಅವಳದು. ಕಿಟಕಿಯ ಕೆಳಗೆ ಮೇಜು, ಮೇಜಿನ ಮೇಲೆ ಗುಲಾಬಿ ಬಣ್ಣದ ಮೇಣ, ಉಜ್ಜುವ ಯಂತ್ರ, ಸಾಲಾಗಿ ಇಟ್ಟ ಬಿಳಿ ಅಚ್ಚುಗಳು. ಊರಿನ ಅರ್ಧ ಜನರ ಬಾಯಿ ಅವಳಿಗೆ ಗೊತ್ತು, ಮುಖ ಗೊತ್ತಿಲ್ಲ. ಇಂಥವಳಿಗೆ ಹಾಕಿಯ ಹುಚ್ಚು ಎಂದರೆ ಯಾರು ನಂಬುತ್ತಾರೆ? ಅದೂ ಯಾರೂ ಆಡದ ಹಾಕಿ.

ಹೌದು, ಯಾರೂ ಆಡದ್ದೇ. ಅದು ಫೋನಿನಲ್ಲಿ ನಡೆಯುವ ಲೀಗು. ಸೇರಿದವರು ತಲೆಗೊಬ್ಬ ಆಟಗಾರನನ್ನು ಹುಟ್ಟಿಸಿ, ಹೆಸರಿಟ್ಟು, ವಾರವಾರ ಅವನಿಗೆ ಅಭ್ಯಾಸ ಹಾಕಬೇಕು. ಈ ವಾರ ಓಟ, ಮುಂದಿನ ವಾರ ಹೊಡೆತ, ಹೀಗೆ. ಪಂದ್ಯವನ್ನು ಕಂಪ್ಯೂಟರೇ ಆಡಿ ಮುಗಿಸಿ, ಗೋಲು ಯಾರದು, ಪಾಸು ಯಾರದು ಎಂದು ಒಂದೊಂದು ಸಾಲಿನಲ್ಲಿ ಹೇಳಿಬಿಡುತ್ತದೆ. ಅಷ್ಟಕ್ಕೇ ಜನ ಊಟ ನಿದ್ದೆ ಬಿಡುತ್ತಾರೆ.

ಅವಳನ್ನು ಅದಕ್ಕೆ, ತನ್ನದೇ ತಂಡಕ್ಕೆ, ಸೇರಿಸಿದವನು ತಮ್ಮ. ಊರಿನ ಇನ್ನೊಂದು ತುದಿಯಲ್ಲಿ ಒಬ್ಬನೇ ಇರುವ ಲಿಫ್ಟ್ ಮೆಕ್ಯಾನಿಕ್. ತನ್ನ ಆಟಗಾರನಿಗೆ ಪಾಸಣ್ಣ ಎಂದು ಹೆಸರಿಟ್ಟು, ಫೋನನ್ನು ಅಕ್ಕನ ಕೈಗೆ ಕೊಟ್ಟ. ಅವಳಿಗೆ ಗೋಲಣ್ಣ ಎಂದು ಇಡುವ ಆಸೆ. ಆದರೆ ಲ ಒತ್ತುವ ಕಡೆ ಳ ಒತ್ತಿ, ಒಪ್ಪಿಗೆಯ ಗುಂಡಿಯನ್ನೂ ಒತ್ತಿಯಾಗಿತ್ತು.

"ಅಯ್ಯೋ ಅಕ್ಕಾ, ಗೋಳಣ್ಣ ಅಂತ ಮಾಡ್ಬಿಟ್ಯಲ್ಲಾ! ಇವನು ಗೋಲು ಹೊಡೀತಾನೋ, ಮೂಲೇಲಿ ಕೂತು ಅಳ್ತಾನೋ?"

ಪಕ್ಕದಲ್ಲೇ ಕೂತಿದ್ದ ಅಮ್ಮ ಅಂದು ನಕ್ಕ ನಗುವಿಗೆ ಬಾಯಿಂದ ಹಲ್ಲಿನ ಸೆಟ್ಟೇ ಜಾರಿತ್ತು. ಹೆಸರು ಬದಲಿಸಲು ಲೀಗಿನವರು ಸುತರಾಂ ಒಪ್ಪಲಿಲ್ಲ.

ಆದರೆ ಗೋಳಣ್ಣ ಅಳುವವನಲ್ಲ, ಅಳಿಸುವವನಾದ. ಮೊದಲ ಸೀಸನ್ನಿನಲ್ಲಿ ತಡವರಿಸಿದ್ದು ಬಿಟ್ಟರೆ, ಆಮೇಲೆ ಬಹುಕಾಲ ಒಂದು ಸೀಸನ್ನಿನಲ್ಲೂ ಅವನ ಗೋಲುಗಳು ಮೂವತ್ತಕ್ಕಿಂತ ಕೆಳಗಿಳಿಯಲಿಲ್ಲ. ಎದುರು ತಂಡದವರು ಅವನ ಹೆಸರು ನೋಡಿದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಹೊಸಬರು "ಗುರುಗಳೇ, ಗುಟ್ಟು ಏನು ಸಾರ್?" ಎಂದು ಬರೆಯುತ್ತಿದ್ದರು. ಸಾರ್ ಅಂತೆ! ಹಲ್ಲಕ್ಕ ಒಳಗೊಳಗೇ ನಕ್ಕು ಉತ್ತರ ಕೊಡದೆ ಸುಮ್ಮನಾಗುತ್ತಿದ್ದಳು. ಗುಟ್ಟು ಎಲ್ಲರ ಕಣ್ಣೆದುರೇ ಇತ್ತು, ಯಾರೂ ಓದುತ್ತಿರಲಿಲ್ಲ ಅಷ್ಟೇ. ಗೋಲು: ಗೋಳಣ್ಣ. ಪಾಸು: ಪಾಸಣ್ಣ. ಸಾಲು ಸಾಲಾಗಿ ಅದೇ.

ಅಮ್ಮ ತೀರಿಕೊಂಡ ಮೇಲೆ ಒಂದು ದಿನ ತಮ್ಮ ಬಂದು ಅಮ್ಮನ ಕೋಣೆ ಚೊಕ್ಕಟ ಮಾಡಿದ. ಔಷಧಿ ಬಾಟಲಿಗಳ ಜೊತೆ ಹಲ್ಲಿನ ಸೆಟ್ಟನ್ನೂ ಕಸಕ್ಕೆ ಹಾಕಿದ. ಆ ಸೆಟ್ಟನ್ನು ಮಾಡಿದವಳು ಹಲ್ಲಕ್ಕನೇ. ಅಮ್ಮನ ಸ್ವಂತ ಮುಂದಿನ ಹಲ್ಲು ಒಂದು ಚೂರು ಓರೆ ಇತ್ತೆಂದು, ಬೇಕೆಂದೇ ಓರೆ ಕೂರಿಸಿದ್ದಳು. ಕನ್ನಡಿ ನೋಡಿ ಅಮ್ಮ, "ಇದು ನಾನೇ ಕಣೆ" ಎಂದಿದ್ದಳು.

"ಎಸೆದ್ಬಿಟ್ಯಾ?"

"ಹಲ್ಲು ತಾನೇ ಅಕ್ಕಾ. ಇಟ್ಕೊಂಡು ಏನ್ ಮಾಡೋದು?"

"ಇನ್ಮೇಲೆ ನಿನ್ನ ಮುಖ ತೋರಿಸ್ಬೇಡ ನಂಗೆ."

ಅವನು ತೋರಿಸಲಿಲ್ಲ. ಹಠದಲ್ಲಿ ಇಬ್ಬರೂ ಒಂದೇ ತಾಯಿಯ ಮಕ್ಕಳು. ಮಾತು ನಿಂತಿತು, ಫೋನು ನಿಂತಿತು. ಪಾಸು ಮಾತ್ರ ನಿಲ್ಲಲಿಲ್ಲ. ಪ್ರತಿ ಭಾನುವಾರ ಪಾಸಣ್ಣನ ಹೆಸರಿನ ಮುಂದೆ "ಅಭ್ಯಾಸ ಆಯಿತು" ಎಂದು ಬಂದರೆ ಹಲ್ಲಕ್ಕನ ಜೀವಕ್ಕೆ ಸಮಾಧಾನ. ಉಂಡಿದ್ದಾನೆ, ಹುಷಾರಾಗಿದ್ದಾನೆ. ಅಷ್ಟು ಗೊತ್ತಾದರೆ ಸಾಕು ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಸಾಕಾಗುತ್ತಿರಲಿಲ್ಲ, ಅದು ಬೇರೆ ಮಾತು.

ಈ ಸೀಸನ್ನಿನ ಕೊನೆಯ ಹೊತ್ತಿಗೆ ಒಂದು ಭಾನುವಾರ ಅದು ಬರಲಿಲ್ಲ. ಕೆಲಸ ಜಾಸ್ತಿಯೇನೋ ಅಂದುಕೊಂಡಳು. ಮುಂದಿನ ವಾರವೂ ಬರಲಿಲ್ಲ. ಅದರ ಮುಂದಿನ ವಾರ ಗೋಳಣ್ಣನ ಗೋಲುಗಳೂ ಬತ್ತಿದವು. ತಂಡದವರು "ಅಣ್ಣನಿಗೆ ವಯಸ್ಸಾಯ್ತು ಪಾಪ" ಎಂದು ಬರೆದರು. ಅವಳು ಅದನ್ನು ಓದಲೂ ಇಲ್ಲ. ಅವಳ ಕಣ್ಣ ಮುಂದೆ ಇದ್ದದ್ದು ಲಿಫ್ಟ್ ಇಳಿಯುವ ಆಳದ ಹೊಂಡ, ಕತ್ತಲೆ, ಮೇಲಿಂದ ಇಳಿಬಿದ್ದ ತಂತಿಗಳು. ಒಬ್ಬನೇ ಇರುವವನು. ಬಿದ್ದರೆ ಹೇಳುವವರು ಯಾರು? ಬೀದಿಯಲ್ಲಿ ಆಂಬುಲೆನ್ಸ್ ಕೂಗಿದರೆ ಅವಳು ಕಿಟಕಿಗೆ ಓಡುತ್ತಿದ್ದಳು. ಯಾರದೋ ಮೇಲಿನ ಸಾಲಿನ ಹಲ್ಲನ್ನು ಇನ್ಯಾರದೋ ಅಚ್ಚಿಗೆ ಕೂರಿಸಿ ಡಾಕ್ಟರಿಂದ ಬೈಸಿಕೊಂಡಳು.

ಆದರೂ ಫೋನು ಮಾಡಲಿಲ್ಲ. ಎಸೆದವನು ಅವನು, ನಾನೇಕೆ ಮಾಡಲಿ? ಈ ಹಠಕ್ಕೆ ಬೆಂಕಿ ಹಾಕ!

ಲೀಗಿನಲ್ಲಿ ಒಂದು ನಿಯಮವಿದೆ. ಸತತ ನಾಲ್ಕು ವಾರ ಅಭ್ಯಾಸ ಹಾಕದ ಆಟಗಾರನನ್ನು ನಿವೃತ್ತ ಎಂದು ತೆಗೆದುಹಾಕುತ್ತಾರೆ. ನಾಲ್ಕನೆಯ ಭಾನುವಾರ ಸಂಜೆ ಪಾಸಣ್ಣನ ಹೆಸರು ಕೆಂಪಾಗಿ ಮಿಣುಕತೊಡಗಿತು. ಇವತ್ತು ಆ ಹೆಸರು ಹೋದರೆ, ತಮ್ಮ ಇದ್ದಾನೋ ಇಲ್ಲವೋ ಎಂದು ತಿಳಿಯಲು ಅವಳಿಗೆ ಇನ್ನು ದಾರಿಯೇ ಇರಲಿಲ್ಲ. ತಮ್ಮನ ನಂಬರು ಒತ್ತಿದಳು. ರಿಂಗಾಯಿತು, ಆಗುತ್ತಲೇ ಇತ್ತು. ಕಟ್ಟಾಯಿತು. ಮತ್ತೆ ಒತ್ತಿದಳು.

"ಹಲೋ" ಎಂದಿತು ಆ ಕಡೆಯ ದನಿ. ಹಲೋ ಕೂಡ ಅಲ್ಲ, ಗಾಳಿ ತುಂಬಿದ ಏನೋ ಒಂದು.

"ಏನಾಗಿದೆಯೋ ನಿಂಗೆ? ಎಲ್ಲಿ ಸತ್ತಿದ್ದೆ? ಅಭ್ಯಾಸ ಯಾಕೆ ಹಾಕಿಲ್ಲ?"

"ಮೆಟ್ಟಿಲ ಮೇಲೆ ಜಾರಿ ಬಿದ್ದೆ ಅಕ್ಕಾ. ಲಿಫ್ಟ್ ಕೆಟ್ಟಿತ್ತು." ಲಿಫ್ಟ್ ರಿಪೇರಿಯವನು, ನೋಡಿ! "ಮುಂದಿನ ಹಲ್ಲೆಲ್ಲಾ ಹೋಯ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ಅಮ್ಮನ ಹಲ್ಲು ಎಸೆದೋನು ನಿನ್ನ ಹತ್ರ ಹಲ್ಲು ಕೇಳ್ಲಾ? ಬೇರೆಯವರ ಹತ್ರ ಮಾಡಿಸ್ಕೊಳ್ಳೋಕೂ ಮನಸ್ಸು ಬರ್ಲಿಲ್ಲ. ಆ ಲೀಗ್ ತೆಗೆದ್ರೆ ನಿನ್ನ ಗೋಳಣ್ಣನೇ ಕಾಣ್ತಾನೆ. ತೆಗೀಲೇ ಇಲ್ಲ. ನೀನು ಮುಖ ತೋರಿಸ್ಬೇಡ ಅಂದಿದ್ದೆ. ಈಗ ತೋರಿಸೋ ಹಾಗೂ ಇಲ್ಲ."

ನಗು, ಅಳು ಎರಡೂ ಒಟ್ಟಿಗೆ ನುಗ್ಗಿ ಹಲ್ಲಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಜೀವಂತ ಇದ್ದಾನೆ. ಹಲ್ಲಿಲ್ಲ, ಹಲ್ಲು ಏನು ಮಹಾ.

"ನಾಳೆ ಬಂದು ಡಾಕ್ಟರ ಹತ್ರ ಅಚ್ಚು ತೆಗೆಸು. ಮಿಕ್ಕಿದ್ದು ನಂಗೆ ಬಿಡು."

"ಹೂಂ."

"ನೇರಕ್ಕೆ ಕೂರಿಸ್ಲಾ?"

ತಮ್ಮ ಕೇಳಿದ, "ಅಮ್ಮಂದು ಯಾವ ಕಡೆಗೆ ಓರೆ ಇತ್ತು?"

"ಎಡಕ್ಕೆ."

"ಹಾಗೇ ಕೂರಿಸು ಅಕ್ಕಾ."

ಕಣ್ಣೊರೆಸಿಕೊಂಡು ಗಡಿಯಾರ ನೋಡಿದವಳೇ ಕೂಗಿದಳು: "ಅಯ್ಯೋ, ಮಾತು ಸಾಕು! ಮೊದಲು ಪಾಸಣ್ಣನಿಗೆ ಅಭ್ಯಾಸ ಹಾಕೋ, ಅವನನ್ನ ತೆಗೆದ್ಹಾಕ್ಬಿಡ್ತಾರೆ!"

ಅವನು ಹಾಕಿದ. ಕೆಂಪು ಹೆಸರು ಕಪ್ಪಾಗುವವರೆಗೂ ಅವಳು ಕಣ್ಣು ಮಿಟುಕಿಸದೆ ನೋಡುತ್ತಾ ನಿಂತಳು. ಆ ಗಡಿಬಿಡಿಯಲ್ಲಿ ಗೋಳಣ್ಣನಿಗೆ ಅಭ್ಯಾಸ ಹಾಕುವುದನ್ನೇ ಮರೆತಳು. ಆ ಸೀಸನ್ನಿನಲ್ಲಿ ಅವನು ಮೂವತ್ತು ಮುಟ್ಟಲಿಲ್ಲ.