ನರಿಯ ಮೇಲೆ ಹೊರಿಸಿದ್ದು

ನನಗೆ ಕೋಪ ಬೇಗ ಬರುತ್ತದೆ, ಬೇಗ ಹೋಗುವುದಿಲ್ಲ. ನಮ್ಮತ್ತೆ ಇದನ್ನು ಮನೆಗೆ ಬಂದವರಿಗೆಲ್ಲ ಹೇಳಿಯೇ ಚಹಾ ಕೊಡುತ್ತಾರೆ. ಅಂಥ ನಾನು ನಾಲ್ಕು ವರ್ಷ ಹಲ್ಲು ಕಡಿದದ್ದು ಇಂಟರ್ನೆಟ್ ತೆರೆಯುವ ಒಂದು ಬ್ರೌಸರ್ ಮೇಲೆ ಎಂದರೆ ಯಾರಾದರೂ ನಕ್ಕಾರು. ನಗಲಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ನಾನು ಮಾಡಿದ್ದು ಅದೇ. ಬರೆ ಯಾರಿಗೆ ಬೀಳಬೇಕಿತ್ತು ಎಂದು ತಿಳಿದದ್ದು ಈ ವರ್ಷ.

ನಮ್ಮ ಮನೆ ಕಲಬುರಗಿಯ ಗಾಜಿಪುರದಲ್ಲಿ. ನಾನು ಕನ್ನಡ ಕಲಿಸುವ ಹೈಸ್ಕೂಲು ಕಮಲಾಪುರ ದಾಟಿ, ಮುಂದಿನ ಕ್ರಾಸಿನಲ್ಲಿ ಇನ್ನೊಂದು ಬಸ್ಸು ಹಿಡಿದು ಹೋಗುವ ಹಳ್ಳಿಯಲ್ಲಿದೆ. ಅಲ್ಲಿನ ಸ್ಟಾಫ್ ರೂಮಿನಲ್ಲಿ ಚುನಾವಣೆ ಬಂದಾಗಲೂ ಆಗದಷ್ಟು ವಾದ ಬ್ರೌಸರ್ ಬಗ್ಗೆ ಆಗುತ್ತಿತ್ತು. ಯಾರೂ ಅವುಗಳ ಹೆಸರು ಹೇಳುತ್ತಿರಲಿಲ್ಲ, ಪರದೆಯ ಮೇಲಿನ ಚಿತ್ರ ನೋಡಿ ಕರೆಯುವುದು. ಹೆಡ್‌ಮಾಸ್ತರರದು ನೀಲಿ ‘ಇ’. ಅದು ಒಂದು ಪುಟ ತೆರೆಯುವಷ್ಟರಲ್ಲಿ ಅವರು ಅಡಿಕೆ ಕತ್ತರಿಸಿ, ಎಲೆಗೆ ಸುಣ್ಣ ಹಚ್ಚಿ, ಮಡಚಿ ಬಾಯಿಗೆ ಹಾಕಿಕೊಂಡಿರುತ್ತಿದ್ದರು. ಬದಲಿಸಿರಿ ಸರ್ ಎಂದರೆ, “ಕಂಪ್ಯೂಟರ್ ಜೋಡಿ ಬಂದದ್ದು ರೀ ಇದು. ಬಂದದ್ದರ ಕೂಡ ಬಾಳ್ವಿ ಮಾಡಬೇಕು” ಎನ್ನುತ್ತಿದ್ದರು. ಚಿತ್ರಕಲೆಯ ಮಾಸ್ತರರಿಗೆ ಫೋನಿನಲ್ಲಿ ಕ್ರಿಕೆಟ್ ಸ್ಕೋರು ಯಾವುದು ಮೊದಲು ತೋರಿಸುತ್ತದೋ ಅದೇ ಒಳ್ಳೆಯದು.

ವಿಜ್ಞಾನದ ಸರ್ ಮಾತ್ರ ಕಡು ಪಕ್ಷಪಾತಿ. ಅವರದು ಬಣ್ಣದ ಚಕ್ರ. ಮನೆಯಲ್ಲಿ ಫೋನಿನಲ್ಲಿ ಹುಡುಕಿದ್ದು ಶಾಲೆಯ ಕಂಪ್ಯೂಟರಿನಲ್ಲಿ ತಾನಾಗಿ ಬಂದು ನಿಂತರೆ ಅವರಿಗೆ ಹೆಮ್ಮೆ. “ಜಗತ್ತೆಲ್ಲಾ ಇದರಾಗ ಅದ. ನೀವೊಬ್ಬರ ನರಿ ಬಾಲ ಹಿಡ್ಕೊಂಡು ಕುಂತೀರಿ ನೋಡ್ರಿ ಮೇಡಂ” ಎಂದು ನನ್ನನ್ನು ಕೆಣಕುವುದು ಅವರ ದಿನದ ಕೆಲಸ.

“ನಾ ಮನ್ಯಾಗ ಏನು ಹುಡುಕಿದೆ ಅಂತ ಸಾಲಿ ಕಂಪ್ಯೂಟರಿಗೆ ಯಾಕ ಗೊತ್ತಾಗಬೇಕ್ರೀ?” ಎಂದು ನಾನು ತಿರುಗಿ ಕೊಡುತ್ತಿದ್ದೆ.

ನನ್ನದು ಭೂಗೋಳವನ್ನು ಸುತ್ತಿಕೊಂಡ ಕೆಂಪು ನರಿ. ಅದರ ಹಿಂದೆ ಒಂದು ಕಾರಣವಿತ್ತು. ಡಿಗ್ರಿ ಓದುವಾಗ ಶರಣಬಸವೇಶ್ವರ ದೇವಸ್ಥಾನದ ಹಿಂದಿನ ಓಣಿಯಲ್ಲಿ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತಿದ್ದೆ. ಅಲ್ಲಿನ ಹಳೇ ಯಂತ್ರಗಳಲ್ಲಿ ಕನ್ನಡ ತೆರೆದರೆ ಒತ್ತಕ್ಷರ ಒಂದು ಕಡೆ, ಕೊಂಬು ಒಂದು ಕಡೆ, ಉಳಿದದ್ದೆಲ್ಲ ಚೌಕ ಚೌಕ ಡಬ್ಬಿ. ಒಂದು ದಿನ ಕಲಿಸುವವರು ನರಿಯನ್ನು ಹಾಕಿ ತೋರಿಸಿದರು. ‘ಅಕ್ಷರ’ ಎಂಬ ಪದ ಮುರಿಯದೆ, ನೆಟ್ಟಗೆ ಕೂತಿತ್ತು. ಮುಂದೆ ಎಲ್ಲ ಬ್ರೌಸರುಗಳೂ ಕನ್ನಡ ಕಲಿತವು, ಆ ಮಾತು ಬೇರೆ. ನನ್ನ ಭಾಷೆಯನ್ನು ಮೊದಲು ಸರಿಯಾಗಿ ತೋರಿಸಿದ್ದನ್ನು ಬಿಡಲು ನನಗೆ ಮನಸ್ಸಾಗಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಸ್ಟಾಫ್ ರೂಮಿನವರೆಲ್ಲ ನಗುತ್ತಿದ್ದರು.

ನಗದೆ ಇದ್ದವಳು ಒಬ್ಬಳೇ, ಸಮಾಜ ವಿಜ್ಞಾನ ಕಲಿಸುತ್ತಿದ್ದ ನನ್ನ ಗೆಳತಿ. ನನಗಿಂತ ಒಂದು ವರ್ಷ ತಡವಾಗಿ ನೌಕರಿಗೆ ಸೇರಿದವಳು, ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಅವಳ ಮನೆ ಕಮಲಾಪುರದಲ್ಲಿ. ನಾನು ಕಲಬುರಗಿಯಲ್ಲಿ ಬಸ್ಸು ಹತ್ತಿ ಪಕ್ಕದ ಸೀಟಿನ ಮೇಲೆ ನನ್ನ ಬುತ್ತಿಯ ಚೀಲ ಇಟ್ಟು, ಕೇಳಿದವರ ಜೊತೆಗೆಲ್ಲ ಜಗಳವಾಡಿ, ಕಮಲಾಪುರದವರೆಗೆ ಆ ಜಾಗ ಕಾಯುತ್ತಿದ್ದೆ. ಅವಳು ಅಲ್ಲಿ ಹತ್ತಿ, ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದಳು. ಸೆರಗಿನ ಮರೆಯಲ್ಲಿ ನನ್ನ ಮಗಳಿಗೆಂದು ಎರಡು ಕೆಂಪು ಬಾಳೆಹಣ್ಣು ಇದ್ದೇ ಇರುತ್ತಿದ್ದವು.

ಆ ಮಗಳದೇ ನನ್ನ ಚಿಂತೆ. ನಾಲ್ಕು ತುಂಬಿದರೂ ಅವಳಿಗೆ ಸರಿಯಾಗಿ ಮಾತು ಬಂದಿರಲಿಲ್ಲ. ಒಂದೊಂದು ಶಬ್ದ, ಅದೂ ಅರ್ಧ. ಕಿವಿ ಸರಿ ಇದೆ, ಬುದ್ಧಿ ಚುರುಕಿದೆ, ಸಂಜೆಯ ಹೊತ್ತು ಮಾತಿನ ತರಬೇತಿಗೆ ಕರೆದುಕೊಂಡು ಬನ್ನಿ, ಆದರೆ ತಾಯಿ ಪಕ್ಕದಲ್ಲಿ ಕೂರಬೇಕು ಎಂದರು ಡಾಕ್ಟರು. ನಾನು ಮನೆ ಮುಟ್ಟುವಾಗ ತರಬೇತಿ ಮುಗಿದು ಬಾಗಿಲು ಹಾಕಿರುತ್ತಿತ್ತು. ಗಂಡನ ನೌಕರಿ ಬೇರೆ ಜಿಲ್ಲೆಯಲ್ಲಿ. ಕಮಲಾಪುರದ ಶಾಲೆಗೆ ವರ್ಗ ಸಿಕ್ಕರೆ ಸಂಜೆ ಬೆಳಕಿರುವಾಗಲೇ ಕಲಬುರಗಿಯಲ್ಲಿ ಇಳಿಯಬಹುದಿತ್ತು. ಆ ವರ್ಷ ವರ್ಗಾವಣೆ ತೆರೆದಾಗ ಕಮಲಾಪುರದಲ್ಲಿ ಒಂದೇ ಒಂದು ಜಾಗ ಖಾಲಿ ಇತ್ತು. ಯಾವ ವಿಷಯದವರು ಬೇಕಾದರೂ ಕೇಳಬಹುದು, ಸೇವೆ ಹೆಚ್ಚಾದವರಿಗೆ ಮೊದಲು.

“ನೀ ತುಂಬಕ್ಕಾ” ಎಂದಳು ಗೆಳತಿ ಬಸ್ಸಿನಲ್ಲಿ. “ನಮ್ಮವರು ಕಲಬುರಗಿಗೆ ಮನಿ ಮಾಡೂಣು ಅನ್ನಾಕತ್ತಾರ. ನಾ ಸಿಟಿ ಕೇಳ್ತೇನಿ. ಕಮಲಾಪುರ ನಿಂದ.”

ಅಷ್ಟು ದೊಡ್ಡ ಮನಸ್ಸಿನವಳು ನನ್ನ ಪಕ್ಕದಲ್ಲಿ ಕೂತಿದ್ದಾಳೆ ಎಂದು ನಾನು ಅವತ್ತು ಕಣ್ಣೊರೆಸಿಕೊಂಡೆ.

ಆಯ್ಕೆ ತುಂಬುವುದು ಆನ್‌ಲೈನ್‌ನಲ್ಲಿ. ಕೊನೆಯ ದಿನ ಸಂಜೆ ವೆಬ್‌ಸೈಟು ಮುಚ್ಚುವವರೆಗೆ ಎಷ್ಟು ಸಲ ಬೇಕಾದರೂ ತಿದ್ದಬಹುದು, ಕೊನೆಗೆ ಕಳಿಸಿದ್ದೇ ಲೆಕ್ಕಕ್ಕೆ. ಆ ದಿನ ಅವಳು ರಜೆ ಹಾಕಿದ್ದಳು. ನಾನು ಊಟದ ಬಿಡುವಿನಲ್ಲಿ ನನ್ನ ಲ್ಯಾಪ್‌ಟಾಪ್ ತೆರೆದು, ನರಿಯಲ್ಲಿ, ಎಲ್ಲ ತುಂಬಿ ಕಳಿಸಿದೆ. ಮೊದಲನೆಯ ಆಯ್ಕೆ ಕಮಲಾಪುರ, ಸಲ್ಲಿಕೆಯಾಗಿದೆ ಎಂದು ಹಸಿರು ಅಕ್ಷರದಲ್ಲಿ ಬಂತು. ಹೆಡ್‌ಮಾಸ್ತರರಿಗೂ ತೋರಿಸಿದೆ. ಆಮೇಲೆ ನಾನು ಒಂಬತ್ತನೆಯ ತರಗತಿಗೆ ಹೋಗುವಾಗ ವಿಜ್ಞಾನದ ಸರ್, “ಮೇಡಂ, ಲ್ಯಾಪ್‌ಟಾಪ್ ಇಲ್ಲೇ ಇರಲ್ರಿ, ಒಂಚೂರು ಏನೋ ನೋಡೋದದ” ಎಂದರು. ಇರಲಿ ಎಂದು ಬಿಟ್ಟು ಹೋದೆ.

ಸಂಜೆ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಬ ಹಿಡಿದು ನಿಂತಿದ್ದೆ. ಗೆಳತಿಯ ಫೋನು ಬಂತು.

“ಅಕ್ಕಾ, ಎದರಾಗ ತುಂಬೀದಿ?”

“ಎದರಾಗ ಅಂದ್ರ? ನನ್ನ ನರಿಯಾಗ.”

“ಅಯ್ಯ ಶಿವನ! ಅದರಾಗ ತುಂಬಿದ್ದು ಹೋಗಂಗಿಲ್ಲಂತ. ಹೋದಂಗ ಕಾಣಸ್ತದ, ಒಳಗ ಮುಟ್ಟಂಗಿಲ್ಲ. ಇಲ್ಲಿ ಕಂಪ್ಯೂಟರ್ ಅಂಗಡ್ಯಾಗ ಎಲ್ಲಾರೂ ಅದನ್ನ ಹೇಳಾಕತ್ತಾರ. ಚಕ್ರದಾಗನ ತುಂಬಬೇಕಂತ.”

ಬಸ್ಸಿನಲ್ಲಿ ನಿಂತು ಲ್ಯಾಪ್‌ಟಾಪ್ ಹೇಗೆ ತೆರೆಯಲಿ? “ಈಗೇನು ಮಾಡ್ಲಿ?” ಎಂದೆ.

“ಫಿಕರ್ ಬ್ಯಾಡ. ನಾ ಇಲ್ಲೇ ಅದೀನಿ. ಪಾಸ್‌ವರ್ಡ್ ಹೇಳು, ಫೋನಿಗೆ ನಂಬರ್ ಬರ್ತದಲ್ಲ, ಅದೂ ಹೇಳು. ನಾ ತುಂಬ್ತೇನಿ.”

ನಮ್ಮ ಮಾಸ್ತರರ ಲೋಕದಲ್ಲಿ ಇದು ಹೊಸದೇನಲ್ಲ. ಒಬ್ಬರ ಪಾಸ್‌ವರ್ಡು ಹತ್ತು ಜನರಿಗೆ ಬಾಯಿಪಾಠ, ತಿಳಿದವರೊಬ್ಬರು ಎಲ್ಲರದೂ ತುಂಬಿಬಿಡುತ್ತಾರೆ. ಹೇಳಿದೆ. ಫೋನಿಗೆ ಬಂದ ಅಂಕಿಗಳನ್ನು ಒಂದನೆಯ ತರಗತಿಯ ಮಕ್ಕಳಿಗೆ ಹೇಳಿಕೊಡುವಂತೆ ಒಂದೊಂದೇ ಬಿಡಿಸಿ, ಬಸ್ಸಿನ ಗದ್ದಲದ ಮೇಲೆ ಕೂಗಿ ಹೇಳಿದೆ. ಬಸ್ಸು ಕಮಲಾಪುರ ಮುಟ್ಟಿದಾಗ ಅವಳು ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಕಿಟಕಿಯೊಳಗೆ ಕೈ ಹಾಕಿ, ಕೂತವರ ತಲೆಯ ಮೇಲಿಂದ ಒಂದು ಚಿಪ್ಪು ಕೆಂಪು ಬಾಳೆಹಣ್ಣು ಕೊಟ್ಟಳು. “ಆತಕ್ಕಾ. ಬರೋಬರಿ ಕುಂತದ. ಪ್ರಿಂಟು ಆಮ್ಯಾಲ ಕೊಡ್ತೇನಿ” ಎಂದಳು. ನಾನು ಮನೆ ಸೇರುವಷ್ಟರಲ್ಲಿ ವೆಬ್‌ಸೈಟು ಮುಚ್ಚಿತ್ತು.

ಪಟ್ಟಿ ಬಂದಾಗ ನನಗೆ ಈಗಿರುವ ಸ್ಥಳವೇ. ವಿಜ್ಞಾನದ ಸರ್‌ಗೆ ಅವರು ಕೇಳಿದ ಊರು. ನನ್ನ ಗೆಳತಿಗೆ ಕಮಲಾಪುರ.

ಅವಳೇ ಓಡಿ ಬಂದು ನನ್ನ ಕೈ ಹಿಡಿದಳು. “ನೀ ಮೊದಲು ನರಿಯಾಗ ತುಂಬಿದ್ದು ಅರ್ಧಕ್ಕ ಸಿಕ್ಕೊಂಡದಂತ. ಅದರ ಮ್ಯಾಲ ನಾ ತುಂಬಿದ್ದೂ ಕೂಡ್ಲಿಲ್ಲ. ನಾ ಕಮಲಾಪುರ ಕೊನೀಗೆ ಸುಮ್ನ ಹಾಕಿದ್ದೆ, ನೀ ಇಲ್ಲದ್ದಕ್ಕ ನನಗ ಬಂತು” ಎಂದು ನನಗಿಂತ ಹೆಚ್ಚು ಅತ್ತಳು. ನಾನು ಅವಳನ್ನು ಸಮಾಧಾನ ಮಾಡಿದೆ. ಆಮೇಲೆ ಸ್ಟಾಫ್ ರೂಮಿನಲ್ಲಿ ಎಲ್ಲರೆದುರು ನರಿಗೆ ಬಾಯಿಗೆ ಬಂದಂತೆ ಬೈದು, ಲ್ಯಾಪ್‌ಟಾಪಿನಿಂದ ಕಿತ್ತು ಹಾಕಿದೆ. ಇಷ್ಟು ವರ್ಷ ನಂಬಿದ್ದಕ್ಕೆ ಕುತ್ತಿಗೆ ಕೊಯ್ದಿತು ಎಂದೆ. ಕುಣಿದಾಡಬೇಕಾಗಿದ್ದ ವಿಜ್ಞಾನದ ಸರ್ ತಲೆ ತಗ್ಗಿಸಿ ಉತ್ತರ ಪತ್ರಿಕೆ ತಿದ್ದುತ್ತ ಕೂತರು. ಪಾಪ, ನನ್ನ ದುಃಖ ನೋಡಿ ಸುಮ್ಮನಿದ್ದಾರೆ ಎಂದುಕೊಂಡೆ.

ಮಗಳನ್ನು ತರಬೇತಿಗೆ ಅವಳ ಆಯಿ, ನಮ್ಮತ್ತೆ, ಕರೆದುಕೊಂಡು ಹೋದರು. ಮೊಣಕಾಲು ನೋವಿನವರು, ಸಂಜೆ ಸಂಜೆ ಆಟೋ ಹತ್ತಿ ಇಳಿದು, ನಾಲಿಗೆ ಮಡಚುವುದು, ತುಟಿ ಕೂಡಿಸುವುದು ಎಲ್ಲ ತಾವೇ ಕಲಿತು ಮಗುವಿಗೆ ಕಲಿಸಿದರು. ಆರು ತಿಂಗಳ ಮೇಲೆ ಒಂದು ದಿನ ನಾನು ಊಟಕ್ಕೆ ಕೂತಾಗ ಹೇಳಿದರು, “ಇವತ್ತು ಪೂರಾ ಮಾತಾಡಿದ್ಲವಾ.”

“ಏನಂದ್ಲು ಅತ್ತಿ?”

ಅವರು ನನ್ನ ಮುಖ ನೋಡದೆ ರೊಟ್ಟಿ ಬಡಿಸಿದರು. “ಆಯಿ, ಅವ್ವ ಯಾವಾಗ ಬರ್ತಾಳ, ಅಂದ್ಲು.”

ನನ್ನ ಮಗಳ ಮೊದಲ ಪೂರಾ ಮಾತು ನನ್ನನ್ನು ಹುಡುಕುತ್ತಿತ್ತು, ನಾನು ಆಗ ಯಾವುದೋ ಬಸ್ಸಿನಲ್ಲಿದ್ದೆ. ತಟ್ಟೆ ಬಿಟ್ಟು ಎದ್ದು ಗೆಳತಿಗೆ ಫೋನು ಮಾಡಿದೆ. ಇಂಥದ್ದನ್ನು ಇನ್ಯಾರಿಗೆ ಹೇಳಲಿ? ಅವಳು, “ಆ ನರಿ ಮನಿ ಹಾಳಾಗ್ಲಿ ಅಕ್ಕಾ” ಎಂದಳು.

ಈ ಸಲ ಹತ್ತನೆಯ ತರಗತಿಯ ಮೌಲ್ಯಮಾಪನಕ್ಕೆ ಕಲಬುರಗಿಯಲ್ಲಿ ಎಲ್ಲ ಊರಿನ ಮಾಸ್ತರರು ಸೇರಿದಾಗ ವಿಜ್ಞಾನದ ಸರ್ ಸಿಕ್ಕರು. ಕೂದಲು ನರೆತಿದೆ, ಕೆಣಕುವ ಚಾಳಿ ಹೋಗಿಲ್ಲ. ಚಹಾ ಕುಡಿಯುವಾಗ, “ಏನ್ರೀ ಮೇಡಂ, ಇನ್ನೂ ನರಿನೇ ಏನು?” ಎಂದರು.

“ಅದು ನನಗ ಮಾಡಿದ್ದು ಸಾಲದೇನ್ರೀ ಸರ್? ಆವತ್ತು ಅದರಾಗ ತುಂಬಿನ ನಾ ಕೆಟ್ಟೆ.”

ಅವರು ಲೋಟ ಕೆಳಗಿಟ್ಟರು. “ಒಂದು ಮಾತು ಹೇಳ್ತೇನಿ, ನಗಬ್ಯಾಡ್ರಿ. ಆವತ್ತು ನನ್ನ ಚಕ್ರ ಬಡ್ಡಿಮಗಂದು ತಿರುಗಕೋತ ನಿಂತುಬಿಡ್ತು. ನೀವು ಕ್ಲಾಸಿಗೆ ಹೋದ್ರಲ್ಲ, ನಾ ನಿಮ್ಮ ಲ್ಯಾಪ್‌ಟಾಪ್‌ನ್ಯಾಗ, ನಿಮ್ಮ ನರಿಯಾಗನ ತುಂಬಿದೆ. ಛಂದ ಹೋತು. ಕೇಳಿದ ಊರು ಸಿಕ್ತು. ಅಷ್ಟು ದಿನ ಅದಕ್ಕ ನಕ್ಕವ ನಾನು, ಯಾವ ಬಾಯಿಲೆ ಹೇಳ್ಲಿ?”

ನಾನು ನಗಲಿಲ್ಲ. ಅವರೂ ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಬ್ರೌಸರಿನ ಜಿದ್ದಿಗೆ ಬಿದ್ದು ಒಬ್ಬ ಮನುಷ್ಯ ನಾಲ್ಕು ವರ್ಷ ಇಷ್ಟು ಸಣ್ಣ ಮಾತನ್ನು ಬಾಯಲ್ಲಿಟ್ಟುಕೊಂಡಿದ್ದ. ಅವರದು ಅದೇ ನರಿಯಲ್ಲಿ ಹೋಗಿದ್ದರೆ ನನ್ನದೂ ಹೋಗಿತ್ತು, ಆಮೇಲೆ ಅದರೊಳಗೆ ಕೈ ಹಾಕಿದವಳು ಒಬ್ಬಳೇ. ಅವರ ಮೇಲೆ ಸಿಟ್ಟು ಬರಲಿಲ್ಲ. ಬರಬೇಕಾದ ಕಡೆಗೆ ಅದು ಆಗಲೇ ಹೊರಟಿತ್ತು.

ಮರುದಿನ ಮೌಲ್ಯಮಾಪನ ಬೇಗ ಮುಗಿಸಿ ಕಮಲಾಪುರದ ಬಸ್ಸು ಹತ್ತಿದೆ. ಗೆಳತಿ ಶಾಲೆಯ ಗೇಟಿನ ಹೊರಗೆ ಸಿಕ್ಕಳು. “ಅಯ್ಯ ಅಕ್ಕಾ! ಮನೀಗೆ ನಡಿ, ಚಾ ಕುಡಿಯೂಣು” ಎಂದಳು.

“ಚಾ ಬ್ಯಾಡ. ಆವತ್ತು ನನ್ನ ಕಮಲಾಪುರ ಯಾರು ತೆಗೆದ್ರು?”

ಅವಳು ಮೊದಲು ನಕ್ಕಳು, ಆಮೇಲೆ ಸುತ್ತ ನೋಡಿದಳು. ಕೊನೆಗೆ ದನಿ ಇಳಿಸಿ ಹೇಳಿದಳು, “ನಾನ ತೆಗೆದೆ. ನೀ ಇರೋತನಕ ಅದು ನನಗ ಸಿಗ್ತಿರಲಿಲ್ಲ. ಇದು ನನ್ನೂರು ಅಕ್ಕಾ. ದಿನಾ ಈ ಸಾಲಿ ಮುಂದಿಂದನ ಹಾದು ಪರವೂರಿಗೆ ಹೋಗಿ ಹೋಗಿ ನನಗ ಸಾಕಾಗಿತ್ತು. ಕೇಳಿದ್ರ ಬಿಟ್ಟುಕೊಡ್ತಿದ್ದಿ ಏನು?”

“ಇಲ್ಲ” ಎಂದೆ. “ಆದ್ರ ಎದುರಿಗೆ ಜಗಳ ಮಾಡ್ತಿದ್ದೆ. ನಿನಗ ಸೀಟು ಕಾದವಳು ನಾನು.”

“ಈಗ ಮಾತಾಡ್ತಾಳಲ್ಲ ನಿನ್ನ ಮಗಳು. ಇನ್ನೇನಾಗಬೇಕು?”

ಅಂದು ಫೋನಿನಲ್ಲಿ ಅವಳು ನರಿಗೆ ಹಾಕಿದ ಶಾಪವೇ ಕಿವಿಯಲ್ಲಿತ್ತು. ತಿರುಗಿ ಬಂದು ಬಸ್ಸು ಹತ್ತಿದೆ. ಪಕ್ಕದ ಸೀಟು ಖಾಲಿ ಇತ್ತು. ಚೀಲ ಇಡಲಿಲ್ಲ, ಯಾರೋ ಬಂದು ಕೂತರು.

ಮನೆಗೆ ಬಂದವಳೇ ಲ್ಯಾಪ್‌ಟಾಪ್ ತೆರೆದು ನರಿಯನ್ನು ಮತ್ತೆ ಹಾಕಿದೆ. ಮಗಳು ಭುಜಕ್ಕೆ ಗದ್ದ ಊರಿ ನೋಡುತ್ತಿದ್ದಳು. ಈಗ ಅವಳ ಬಾಯಿ ಮುಚ್ಚುವುದೇ ಕಷ್ಟ.

“ಅವ್ವಾ, ಇದು ಮೊದಲು ಇತ್ತಂತ ಆಯಿ ಹೇಳ್ಯಾಳ. ಯಾಕ ತೆಗೆದಿದ್ದಿ?”

“ನನಗ ಸುಳ್ಳು ಹೇಳ್ಯದ ಅಂತ ತಿಳ್ಕೊಂಡಿದ್ದೆ.”

“ಹೇಳಿತ್ತೇನು?”

“ಇಲ್ಲವಾ. ಕಮಲಾಪುರ ಅಂತ ಹಸಿರು ಅಕ್ಷರದಾಗ ಬರೆದು ತೋರಿಸಿತ್ತು. ನಾ ಕಣ್ಣಾರೆ ಓದಿದ್ದೆ. ಓದಿದ್ದು ಬಿಟ್ಟು, ಅಕ್ಕಾ ಅಂದವಳ ಮಾತು ನಂಬಿದೆ.”