ಬಹಿರುಷ್ಣಕ ಎಂದರೆ

ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತು ಹತ್ತನೇ ತರಗತಿಯ ವಿಜ್ಞಾನ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದೆ. ಅಣ್ಣ ತೋಟದಿಂದ ಬಂದು ಪಕ್ಕದಲ್ಲಿ ಕೂತ. ಏಳನೇ ತರಗತಿಗೇ ಶಾಲೆ ಬಿಟ್ಟವನು. ನಾನು ಓದುವುದನ್ನು ಕೇಳುವುದು ಅವನಿಗೆ ಇಷ್ಟ.

“ಬಹಿರುಷ್ಣಕ? ಏನೇ ಅದು, ಹಾರನಹಳ್ಳಿ ಬಸ್ಸಿನಷ್ಟು ಉದ್ದ ಐತೆ!”

“ಸಂಸ್ಕೃತ ಕಣೋ. ಬಹಿಃ ಅಂದ್ರೆ ಹೊರಗೆ, ಉಷ್ಣ ಅಂದ್ರೆ ಬಿಸಿ. ಬಿಸಿಯನ್ನ ಹೊರಗೆ ಬಿಡೋ ಅಂಥದ್ದು. ಸುಟ್ಟ ಸುಣ್ಣದ ಕಲ್ಲಿಗೆ ನೀರು ಹಾಕಿದ್ರೆ ಕುದಿಯಲ್ವಾ, ಹಂಗೆ.”

“ನೀನೂ ಅದೇ ಕಣೇ. ಒಂದು ಮಾತಂದ್ರೆ ಸಾಕು, ಬುಸ್ ಅಂತೀಯ.” ನಕ್ಕು, ಆಮೇಲೆ ಕೇಳಿದ: “ಕಲ್ಲೂ ತಣ್ಣಗೈತೆ, ನೀರೂ ತಣ್ಣಗೈತೆ. ಆ ಬಿಸಿ ಎಲ್ಲಿತ್ತು?”

“ಅದು ಪರೀಕ್ಷೆಗೆ ಬರಲ್ಲ ಬಿಡು,” ಅಂದೆ. ನನಗೂ ಗೊತ್ತಿರಲಿಲ್ಲ. ಸುಣ್ಣದ ಗೂಡಿನಲ್ಲಿ ಕಲ್ಲನ್ನು ಸುಟ್ಟ ಶಾಖವೇ ಅದರೊಳಗೆ ಅಡಗಿರುತ್ತದೆ, ನೀರು ಬಿದ್ದಾಗ ಹೊರಡುತ್ತದೆ ಎಂದು ತಿಳಿದದ್ದು ಆಮೇಲೆ.

ಮರುದಿನ ಬೆಳಿಗ್ಗೆ ತೆಂಗಿನ ಮರಗಳಿಗೆ ಬಳಿಯಲು ಸುಣ್ಣ ಅರಳಿಸಬೇಕಿತ್ತು. ನಮ್ಮಲ್ಲಿ ಬಾಯಿ ತೆರೆದ ಮಣ್ಣಿನ ಗುಡಾಣದಲ್ಲಿ ಅರಳಿಸುತ್ತಾರೆ. ಆ ವರ್ಷ ಗುಡಾಣ ಬಿರುಕು ಬಿಟ್ಟಿತ್ತು. ಅಣ್ಣ ಪ್ಲಾಸ್ಟಿಕ್ ಡ್ರಮ್ಮಿಗೆ ಕಲ್ಲು ಸುರಿದು, ನೀರು ಹೊಯ್ದು, ಕರು ಬಾಯಿ ಹಾಕೀತೆಂದು ಮುಚ್ಚಳ ಬಿಗಿದ. ಆ ಬಿಸಿ ಈಗ ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ನನಗೆ ಹೆದರಿಕೆಯಾಯಿತು. ಅಣ್ಣನಿಗೆ ಗೊತ್ತಿಲ್ಲದ ಕೆಲಸವೇ ಎಂದು ಸುಮ್ಮನಿದ್ದೆ.

ಡ್ರಮ್ಮು ಗುಡುಗುಟ್ಟತೊಡಗಿತು. ಅದರ ಮೈ ಉಬ್ಬಿತು. “ಅಣ್ಣಾ, ಮುಟ್ಟಬೇಡ!” ಎಂದೆನೋ, ಎನ್ನಬೇಕೆಂದುಕೊಂಡೆನೋ, ಬಾಯಿಂದ ಸದ್ದು ಹೊರಟ ನೆನಪಿಲ್ಲ. ಅವನು ಮುಚ್ಚಳ ಸಡಿಲಿಸಲು ಬಗ್ಗಿದ.

ಕುದಿಯುವ ಸುಣ್ಣ ಅವನ ಮುಖಕ್ಕೆ, ಎದೆಗೆ, ಬಾಯೊಳಗೆ ಸಿಡಿಯಿತು. ಅಮ್ಮ ಕೊಡ ಎತ್ತಿಕೊಂಡು ಓಡಿಬಂದಳು. ನಾನು ಅವಳ ಕೈ ಹಿಡಿದು ಎಳೆದೆ. “ನೀರು ಬೇಡಮ್ಮ, ನೀರು ಬಿದ್ರೆ ಇನ್ನೂ ಕುದಿಯುತ್ತೆ!” ಓದಿದವಳ ಮಾತೆಂದು ಅಮ್ಮ ನಿಂತಳು. ಕಣ್ಣು ಬಿಡಲಾಗದೆ ಅಣ್ಣ ನೀರು, ನೀರು ಎಂದು ಕೈ ಚಾಚುತ್ತಿದ್ದ. ಪಕ್ಕದ ಮನೆಯವರು ಬಂದು ಕೊಡ ಕಿತ್ತುಕೊಂಡು ಸುರಿಯುವವರೆಗೂ ನಾನು ಅಮ್ಮನ ಕೈ ಬಿಡಲಿಲ್ಲ.

ನೀರನ್ನು ನಿಲ್ಲಿಸದೆ ಸುರಿಯುತ್ತಲೇ ಇರಬೇಕಿತ್ತು ಎಂದು ಹಾಸನದ ಆಸ್ಪತ್ರೆಯಲ್ಲಿ ಡಾಕ್ಟರು ಹೇಳಿದರು. ಅಮ್ಮ ನನ್ನ ಪಕ್ಕದಲ್ಲೇ ನಿಂತಿದ್ದಳು.

ಐದನೆಯ ದಿನ ಅಣ್ಣ ಹೋದ.

ಈಗಲೂ ಒಲೆಯ ಮೇಲೆ ಪಾತ್ರೆಯ ಮುಚ್ಚಳ ಅಲುಗಿದರೆ ನಾನು ಹಿಂದೆ ಸರಿಯುತ್ತೇನೆ; ಅಮ್ಮ ಬಂದು ಉರಿ ತಗ್ಗಿಸಿ ಹೋಗುತ್ತಾಳೆ. ಅವಳು ನನ್ನನ್ನು ಒಮ್ಮೆಯಾದರೂ ಬೈಯಬೇಕಿತ್ತು. ಇದುವರೆಗೂ ಬೈದಿಲ್ಲ.