ಆರು ಮೂಲೆಯೊಳಗಿನ ದುಂಡು ಗೆರೆ

ಮೊಬೈಲಿನಲ್ಲಿ ‘ಟಂಕಸಾಲೆಯಲ್ಲಿ ತಪ್ಪಾಗಿ ಅಚ್ಚಾದ ಅಪರೂಪದ ನಾಣ್ಯ’ ಎಂದು ಮಾರುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಆ ಚಿತ್ರಗಳನ್ನು ಹಿಗ್ಗಿಸಿ ನೋಡುತ್ತೇನೆ. ಹೆಚ್ಚಿನವು ಯಾರೋ ಒತ್ತಿದ್ದು, ಕೊರೆದದ್ದು, ಅಂಟಿಸಿದ್ದು. ಕೊಳ್ಳುವವರ ಬಗ್ಗೆ ಅಯ್ಯೋ ಅನ್ನಿಸುವ ಮೊದಲು ಮಾರುವವನ ಕೈ ಮುರಿಯಬೇಕು ಅನ್ನಿಸುತ್ತದೆ. ಈ ಸಿಟ್ಟು ಮೊಬೈಲಿಗಿಂತ ಹಳೆಯದು. ಅದನ್ನು ನನಗೆ ಕೊಟ್ಟವನು ನನ್ನ ಸೋದರಮಾವ.

ಆಗ ಎಂಬತ್ತರ ದಶಕದ ಕೊನೆ. ಮಾವ ಲಿಂಗಸುಗೂರಿನಲ್ಲಿ ಗಡಿಯಾರ ರಿಪೇರಿ ಅಂಗಡಿ ಇಟ್ಟಿದ್ದ. ಗಡಿಯಾರ ಬರೀ ನೆಪಕ್ಕೆ. ವಾರಪತ್ರಿಕೆಗಳಲ್ಲಿ ಸಣ್ಣ ಜಾಹೀರಾತು ಹಾಕಿ, ಇಂಥ ನಾಣ್ಯಗಳನ್ನು ಅಂಚೆಯಲ್ಲಿ ದೂರದ ಊರುಗಳಿಗೆ ಕಳಿಸುವುದೇ ಅವನ ನಿಜವಾದ ವ್ಯಾಪಾರ. ಕೊಂಡವರು ಎದುರಿಗೆ ನಿಂತು ಬೈಯುವಂತಿರಲಿಲ್ಲ, ಅವನಿಗೆ ಅದೇ ಅನುಕೂಲ.

ನಾವು ಮಸ್ಕಿಯಲ್ಲಿದ್ದೆವು. ನಾನು ದಿನಾ ಬಸ್ಸು ಹತ್ತಿ ಸಿಂಧನೂರಿಗೆ ಹೋಗಿ ಬೇರೆಯವರ ಅಂಗಡಿಯಲ್ಲಿ ಜಂಪರು ಹೊಲಿಯುತ್ತಿದ್ದೆ. ಅಲ್ಲಿಯ ಮಾಲೀಕನ ಬಾಯಿ ಗಟಾರಕ್ಕಿಂತ ಹೊಲಸು. ಅವನಿಂದ ಬಿಡಿಸಿಕೊಳ್ಳಲು ನನ್ನದೇ ಒಂದು ಹೊಲಿಗೆ ಮಷಿನ್ ಬೇಕಿತ್ತು. ಅವ್ವನ ಬಳಿ ಅವಳ ಅವ್ವ ಬಿಟ್ಟುಹೋದ ನಿಜಾಮನ ಕಾಲದ ಬೆಳ್ಳಿ ರೂಪಾಯಿಗಳಿದ್ದವು, ಚಾರ್ಮಿನಾರಿನ ಚಿತ್ರವಿದ್ದಂಥವು. ಅವನ್ನು ಮಾರಿ ಮಷಿನ್ ಕೊಡಿಸುತ್ತೇನೆಂದು ಅವ್ವ ಮಾತು ಕೊಟ್ಟಿದ್ದಳು.

ಅದರ ವಾಸನೆ ಮಾವನ ಮೂಗಿಗೆ ಬಡಿಯಿತು. ಒಂದು ಭಾನುವಾರ ಬಂದವನೇ, ಉಣ್ಣುವ ಮೊದಲೇ, ಆರು ಮೂಲೆಯ ಇಪ್ಪತ್ತು ಪೈಸೆಯೊಂದನ್ನು ಅವ್ವನ ಅಂಗೈಗಿಟ್ಟ. ಒಂದು ಬದಿಯಲ್ಲಿ ಸಿಂಹದ ಮುದ್ರೆ ಎಂದಿನಂತೆ ಉಬ್ಬಿತ್ತು. ಇಪ್ಪತ್ತು ಎಂದಿರಬೇಕಾದ ಬದಿಯಲ್ಲೂ ಸಿಂಹವೇ, ಆದರೆ ತಗ್ಗಾಗಿ, ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಿ.

“ಅಕ್ಕಾ, ಟಂಕಸಾಲ್ಯಾಗ ಒಂದು ನಾಣ್ಯ ಅಚ್ಚಿಗೇ ಅಂಟಿ ಕುಂತಿತ್ತು. ಮುಂದಿನದು ಅದರ ಮ್ಯಾಲ ಬಂದು ಹಿಂಗ ಆಗೈತಿ. ಲಕ್ಷದಾಗ ಒಂದು ಸಿಗಂಗಿಲ್ಲ. ನಿನ್ನ ಬೆಳ್ಳಿ ರೂಪಾಯಿ ಮನಿಮನ್ಯಾಗ ಅದಾವ. ಅವನ್ನ ನನಗ ಕೊಡು, ಇದನ್ನ ಇಟ್ಕೋ. ಮುಂದ ಇದರಾಗ ಮಷಿನ್ ಏನು, ಅಂಗಡೀನ ಬರ್ತೈತಿ.”

ಉಂಡು, ಸಂಜೆಯ ಬಸ್ಸಿನ ತನಕ ಎಂದು ಪಡಸಾಲೆಯಲ್ಲಿ ಮಲಗಿದ. ಗೊರಕೆ ಬೇರೆ. ನಾನು ನಾಣ್ಯವನ್ನು ಬಾಗಿಲ ಬೆಳಕಿಗೆ ಹಿಡಿದೆ. ತಗ್ಗಿನ ಸಿಂಹ ಹಿಂಬದಿಯ ಸಿಂಹಕ್ಕಿಂತ ಚಿಕ್ಕದಿತ್ತು. ಅದರ ಸುತ್ತ ಕೂದಲೆಳೆಯಷ್ಟು ತೆಳುವಾದ ದುಂಡು ಗೆರೆ. ಅಂಟಿ ಕೂತಿದ್ದದ್ದು ಆರು ಮೂಲೆಯ ನಾಣ್ಯವಾದರೆ ದುಂಡು ಗೆರೆ ಎಲ್ಲಿಂದ ಬಂತು? ಸಿಂಹವಿದ್ದು ಇಷ್ಟು ಚಿಕ್ಕದಾಗಿ ದುಂಡಗಿರುವುದು ನಾಲ್ಕಾಣೆ, ಇಪ್ಪತ್ತೈದು ಪೈಸೆಯದು.

ಎದುರಿನ ಸೈಕಲ್ ಅಂಗಡಿಗೆ ಹೋದೆ. ಅಲ್ಲಿ ಸಾಮಾನು ಬಿಗಿಹಿಡಿಯುವ ಕಬ್ಬಿಣದ ವೈಸ್ ಇತ್ತು. ಅಂಗಡಿಯವರನ್ನು ಕೇಳಿ, ಒಂದು ಇಪ್ಪತ್ತು ಪೈಸೆಯ ಅಂಕಿಯ ಬದಿಯನ್ನು ಅರದಿಂದ ತಿಕ್ಕಿ ನುಣ್ಣಗೆ ಮಾಡಿ, ಅದಕ್ಕೊಂದು ನಾಲ್ಕಾಣೆ ಜೋಡಿಸಿ ವೈಸಿನ ಬಾಯಿಗಿಟ್ಟು, ಹಿಡಿಕೆಗೆ ಜೋತುಬಿದ್ದು ತಿರುಗಿಸಿದೆ. ಇಪ್ಪತ್ತು ಪೈಸೆಯ ಅಲ್ಯೂಮಿನಿಯಂ ಮೆತ್ತಗಿನದು, ನಾಲ್ಕಾಣೆ ಗಟ್ಟಿ. ತೆಗೆದು ನೋಡಿದರೆ ಅದೇ ತಗ್ಗಿನ ಸಿಂಹ, ಅದೇ ದುಂಡು ಗೆರೆ. ಮಾವ ತನ್ನದರಲ್ಲಿ ಗೆರೆಯನ್ನು ತಿಕ್ಕಿ ಅಳಿಸಲು ನೋಡಿದ್ದ, ವ್ಯತ್ಯಾಸ ಅಷ್ಟೇ.

ನಾನು ಬರುವಷ್ಟರಲ್ಲಿ ಮಾವ ಎದ್ದು ಚಹಾ ಕುಡಿಯುತ್ತಿದ್ದ. ಎರಡೂ ನಾಣ್ಯಗಳನ್ನು ಅವನ ಚಹಾದ ಬಸಿಯ ಪಕ್ಕ ಎಸೆದೆ.

“ಒಂದು ನಿಮ್ಮ ಟಂಕಸಾಲಿದು. ಇನ್ನೊಂದು ಸೈಕಲ್ ಅಂಗಡ್ಯಾಗ ಈಗ ನಾ ಮಾಡಿದ್ದು. ಯಾವುದು ಯಾವುದು ಹೇಳ್ರಿ ನೋಡೋಣ.”

ನಾಚಿಕೆಯಾದರೂ ಆಗಬೇಡವೇ? ಸೊರ್ರೆಂದು ಚಹಾ ಹೀರಿ ಅವ್ವನ ಕಡೆ ತಿರುಗಿದ. “ನಿನ್ನ ಮಗಳು ಭಾಳ ಶ್ಯಾಣೇಕಿ ಆಗ್ಯಾಳ, ಅಕ್ಕಾ. ಬ್ಯಾಡಂದ್ರ ಬ್ಯಾಡ. ಇನ್ನ ನಾ ಈ ಹೊಸ್ತಿಲ ತುಳಿಯಂಗಿಲ್ಲ.”

ಅವ್ವ ಎದ್ದು ಒಳಗೆ ಹೋದಳು. ಕಸಬರಿಗೆ ತರುತ್ತಾಳೆ ಅಂದುಕೊಂಡೆ. ತಂದದ್ದು ಬೆಳ್ಳಿಯ ಗಂಟು.

“ಅವ್ವಾ, ಖೋಟಾ ಅಂತ ತೋರ್ಸೀನಲ್ಲ!” ಎಂದು ಕಿರುಚಿದೆ.

“ಕಣ್ಣು ನನಗೂ ಅದಾವ,” ಎಂದಳು ಅವ್ವ, ಅವನೆದುರಿಗೇ. “ನಾಗರ ಪಂಚಮಿಗೆ ಕರೆಯಾಕ ಬರೋವ ಇವನೊಬ್ಬನ ಉಳಿದಾನ. ಇವ ಮುನಿಸ್ಕೊಂಡ್ರ ನನಗ ತವರಮನಿ ಎಲ್ಲೈತಿ? ಮಷಿನ್ ಮುಂದ ಯಾವಾಗರ ತಗೊಂಡ್ರಾತು.”

ಆ ಹಲ್ಕಾ ಮನುಷ್ಯ ಗಂಟನ್ನು ಕೈಯಲ್ಲಿ ಮೇಲೆ ಕೆಳಗೆ ಆಡಿಸಿ, ಚೀಲಕ್ಕೆ ಹಾಕಿಕೊಂಡು, ಅಕ್ಕನ ಕಾಲಿಗೆ ನಮಸ್ಕಾರ ಮಾಡಿ ಹೊರಟ. ನಾನು ಮೂರು ದಿನ ಅವ್ವನ ಕೈಯ ಅನ್ನ ಉಣ್ಣಲಿಲ್ಲ.

ಪಂಚಮಿ ಬಂತು. ಅವ್ವ ಎಳ್ಳುಂಡಿ, ಶೇಂಗಾದುಂಡಿ ಕಟ್ಟಿ, ತಲೆ ಬಾಚಿಕೊಂಡು, ಸೀರೆಯ ಚೀಲ ಬಾಗಿಲಲ್ಲಿಟ್ಟು ಕೂತಳು. ನಸುಕಿನಿಂದ ಲಿಂಗಸುಗೂರಿನ ಬಸ್ಸುಗಳು ಒಂದರ ಹಿಂದೊಂದು ಬಂದು ಹೋದವು. ಮಾವ ಬರಲಿಲ್ಲ.

“ಬಸ್ಸು ತಪ್ಪಿರಬೇಕು,” ಎಂದಳು.

“ಕೊಡಾಕ ನಿನ್ನ ಹಂತ್ಯಾಕ ಇನ್ನೇನು ಉಳಿದೈತಿ? ಯಾಕ ಬರ್ತಾನ?” ಎಂದೆ.

ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಸಮಾಧಾನ ಹೇಳಲಿಲ್ಲ. ಹಬ್ಬಕ್ಕೂ ಮಾಲೀಕ ರಜೆ ಕೊಟ್ಟಿರಲಿಲ್ಲ. ಚಪ್ಪಲಿ ಮೆಟ್ಟಿ ಸಿಂಧನೂರಿನ ಬಸ್ಸಿಗೆ ನಡೆದೆ.